ವಾದಕ್ಕೆ ಬಲ ಕೊಡುವ ಉತ್ತರ ಯಾವುದು?



ಈ ಮಾಲಿಕೆಯ ಚಿತ್ರೀಕರಣದ ದಿನ ನಮ್ಮ ಸ್ಟುಡಿಯೋಗೆ ಹನ್ನೆರಡು ಮಂದಿ ವಿದ್ಯಾರ್ಥಿಗಳು ಬಂದಿದ್ದರು. ಕೆಲವರು ಪಿಯುಸಿ, ಕೆಲವರು ಪದವಿ ತರಗತಿಯವರು. ದೀಪಗಳನ್ನು ಹೊಂದಿಸಲು ಅರ್ಧ ಗಂಟೆ ಬೇಕಾಗಿತ್ತು. ಕ್ಯಾಮೆರಾ ಎದುರಿನ ಅಂಜಿಕೆ ಕಳೆಯಲಿ ಎಂದು ಕಪ್ಪು ಹಲಗೆಯ ಮೇಲೆ ಒಂದು ಪ್ರಶ್ನೆ ಬರೆದು, ಉತ್ತರ ತಿಳಿದವರು ಕೈ ಎತ್ತಿ ಎಂದೆ. ಏಳು ಮಂದಿ ಒಂದೇ ಉತ್ತರಕ್ಕೆ ಕೈ ಎತ್ತಿದರು. ಅದು ತಪ್ಪು ಉತ್ತರವಾಗಿತ್ತು. ತಪ್ಪೆಂದು ಹೇಳಿದಾಗ ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಆದರೆ ಅದು ನಿಜ ತಾನೆ?" ಎಂದು ಕೇಳಿದಳು. ನಿಜವೇ. ಆದರೂ ಅದು ಉತ್ತರವಲ್ಲ. ಹೀಗೇಕೆ ಎಂಬುದನ್ನು ಕಾರ್ಯಕ್ರಮದ ಇಪ್ಪತ್ತೈದು ನಿಮಿಷಗಳಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಇಲ್ಲಿ ಸಾವಧಾನವಾಗಿ ನೋಡೋಣ.

ಮೊದಲು ಈ ಬಗೆಯ ಪ್ರಶ್ನೆ ಎಲ್ಲಿ ಬರುತ್ತದೆ ಎಂದು ತಿಳಿಯೋಣ. ನಮ್ಮ ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯೂ ಸೇರಿದಂತೆ ದೇಶದ ಹಲವು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಪ್ರವೇಶ ಕೊಡುವ ಪರೀಕ್ಷೆ ಕ್ಲ್ಯಾಟ್. ಇದು 2008ರಲ್ಲಿ ಆರಂಭವಾಯಿತು. 2020ರಿಂದ ಇದರಲ್ಲಿ ಬಿಡಿ ಪ್ರಶ್ನೆಗಳ ಬದಲು ಗದ್ಯಭಾಗವನ್ನು ಓದಿ ಉತ್ತರಿಸುವ ಪ್ರಶ್ನೆಗಳು ಬಂದಿವೆ. ಪದವಿ ಪ್ರವೇಶದ ಪತ್ರಿಕೆಯಲ್ಲಿ ಈಗ ಎರಡು ಗಂಟೆಗೆ 120 ಪ್ರಶ್ನೆಗಳು. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ತಾರ್ಕಿಕ ವಿಭಾಗದಲ್ಲಿ 22ರಿಂದ 26 ಪ್ರಶ್ನೆಗಳಿರುತ್ತವೆ. "ಕೆಳಗಿನವುಗಳಲ್ಲಿ ಯಾವುದು, ನಿಜವಾಗಿದ್ದಲ್ಲಿ, ಲೇಖಕರ ವಾದಕ್ಕೆ ಅತಿ ಹೆಚ್ಚು ಬಲ ಕೊಡುತ್ತದೆ?" ಎಂಬ ಪ್ರಶ್ನೆ ಈ ವಿಭಾಗಕ್ಕೆ ಸೇರಿದ್ದು. ಅಮೆರಿಕ, ಕೆನಡಾಗಳ ಕಾನೂನು ಶಾಲೆಗಳ ಎಲ್‌ಸ್ಯಾಟ್, ಆಡಳಿತ ಶಿಕ್ಷಣದ ಜಿಮ್ಯಾಟ್, ಉನ್ನತ ಅಧ್ಯಯನದ ಜಿಆರ್‌ಇ, ಇವುಗಳಲ್ಲೂ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಎಲ್‌ಸ್ಯಾಟ್‌ನವರಂತೂ 2024ರ ಆಗಸ್ಟ್‌ನಿಂದ ಒಗಟಿನಂಥ ಪ್ರಶ್ನೆಗಳ ಭಾಗವನ್ನೇ ತೆಗೆದು, ಆ ಜಾಗಕ್ಕೆ ವಾದಗಳನ್ನು ಪರೀಕ್ಷಿಸುವ ಇನ್ನೊಂದು ಭಾಗವನ್ನು ಸೇರಿಸಿದ್ದಾರೆ.

ಈಗ ಸ್ಟುಡಿಯೋದಲ್ಲಿ ಬರೆದ ಪ್ರಶ್ನೆ. ಇದರ ವಿವರಗಳೆಲ್ಲ ಇತಿಹಾಸದಲ್ಲಿ ನಡೆದವು. ಪ್ರಶ್ನೆಯ ರೂಪ ಮಾತ್ರ ನನ್ನದು.

"1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಕಾಣಿಸಿಕೊಂಡಿತು. ಹತ್ತು ದಿನಗಳಲ್ಲಿ ಸುಮಾರು ಐನೂರು ಜನ ಸತ್ತರು. ಸತ್ತವರ ಮನೆಗಳು ಹೆಚ್ಚಾಗಿ ಬ್ರಾಡ್ ಸ್ಟ್ರೀಟಿನ ಸಾರ್ವಜನಿಕ ಕೈಪಂಪಿನ ಆಸುಪಾಸಿನಲ್ಲಿದ್ದವು. ಆದ್ದರಿಂದ ಆ ಪಂಪಿನ ನೀರೇ ರೋಗಕ್ಕೆ ಕಾರಣ ಎಂದು ವೈದ್ಯ ಜಾನ್ ಸ್ನೋ ವಾದಿಸಿದರು." ಇದಕ್ಕೆ ಅತಿ ಹೆಚ್ಚು ಬಲ ಕೊಡುವುದು ಯಾವುದು?

ಅ) ಸೆಪ್ಟೆಂಬರ್ 8ರಂದು, ಸಾವಿನ ಸಂಖ್ಯೆ ಆಗಲೇ ಇಳಿಮುಖವಾಗಿದ್ದಾಗ, ಪಂಪಿನ ಹಿಡಿಯನ್ನು ತೆಗೆಯಲಾಯಿತು. ಅನಂತರ ಸಾವುಗಳು ಇನ್ನೂ ಕಡಿಮೆಯಾದವು.

ಆ) ಪಂಪಿಗೆ ಹತ್ತಿರದ ಮನೆಗಳಲ್ಲಿ ಸತ್ತವರ ಸಂಖ್ಯೆ ದೂರದ ಮನೆಗಳಲ್ಲಿ ಸತ್ತವರಿಗಿಂತ ಹೆಚ್ಚು.

ಇ) ಸ್ನೋ ಹೆಸರುವಾಸಿ ವೈದ್ಯರು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಕೊಟ್ಟವರು ಅವರೇ.

ಈ) ಅದೇ ಬ್ರಾಡ್ ಸ್ಟ್ರೀಟಿನ ಬಿಯರ್ ಕಾರ್ಖಾನೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಿದ್ದರು. ಅವರು ಪಂಪಿನ ನೀರು ಕುಡಿಯುತ್ತಿರಲಿಲ್ಲ. ಅವರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ.

ಮುಂದೆ ಓದುವ ಮೊದಲು ನೀವೂ ಒಂದು ಉತ್ತರಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ.

ಯಾವ ವಾದದಲ್ಲಿಯೂ ಎರಡು ಭಾಗಗಳಿರುತ್ತವೆ. ಒಂದು ಆಧಾರ, ಇನ್ನೊಂದು ತೀರ್ಮಾನ. ಇಲ್ಲಿ ಆಧಾರ: ಸತ್ತವರ ಮನೆಗಳು ಪಂಪಿನ ಹತ್ತಿರ ಇದ್ದವು. ತೀರ್ಮಾನ: ಪಂಪಿನ ನೀರು ರೋಗ ತಂದಿತು. ಆಧಾರ ಮನೆಗಳ ಜಾಗದ ಬಗ್ಗೆ ಮಾತಾಡುತ್ತದೆ, ತೀರ್ಮಾನ ನೀರಿನ ಬಗ್ಗೆ. ಇವೆರಡರ ನಡುವೆ ಒಂದು ಸಂದು ಇದೆ. ಹತ್ತಿರ ವಾಸಿಸುವವರು ನೀರನ್ನಷ್ಟೇ ಹಂಚಿಕೊಳ್ಳುವುದಿಲ್ಲ. ಗಾಳಿ, ಚರಂಡಿ, ಮನೆಯ ಕೊಳಕು, ಬಡತನ ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ಆ ಕಾಲದ ಹೆಚ್ಚಿನ ವೈದ್ಯರೂ ಅಧಿಕಾರಿಗಳೂ ಕಾಲರಾ ಬರುವುದು ಕೆಟ್ಟ ಗಾಳಿಯಿಂದ ಎಂದೇ ನಂಬಿದ್ದರು. ಅವರು ಸ್ನೋ ಅವರಿಗೆ ಹೀಗೆ ಕೇಳಬಹುದಿತ್ತು: "ನೀವು ಹೇಳುವ ಮನೆಗಳಲ್ಲಿ ಕೆಟ್ಟ ಗಾಳಿಯೂ ಇದೆಯಲ್ಲ? ನೀರನ್ನೇ ಏಕೆ ದೂರುತ್ತೀರಿ?"

ಸರಿಯುತ್ತರ ಈ ಸಂದಿನಲ್ಲಿ ಹೋಗಿ ಕೂರಬೇಕು. ಈಗ ಒಂದೊಂದನ್ನಾಗಿ ನೋಡಿ.

ಇ ಉತ್ತರ ವ್ಯಕ್ತಿಯ ಬಗ್ಗೆ ಹೇಳುತ್ತದೆ. ಕ್ಲೋರೋಫಾರ್ಮ್ ಚೆನ್ನಾಗಿ ಕೊಡಬಲ್ಲವರು ಕಾಲರಾ ವಿಷಯದಲ್ಲಿ ತಪ್ಪಿರಬಹುದು. ಇದನ್ನು ಬಹುತೇಕ ಯಾರೂ ಆರಿಸಲಿಲ್ಲ. ಆ ಉತ್ತರಕ್ಕೆ ಇಬ್ಬರು ಕೈ ಎತ್ತಿದರು. ಅದು ಆಧಾರವನ್ನೇ ಬೇರೆ ಮಾತಿನಲ್ಲಿ ಮತ್ತೆ ಹೇಳುತ್ತದೆ. ಸಂದು ಇದ್ದಷ್ಟೇ ಅಗಲವಾಗಿ ಉಳಿಯಿತು. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಇದು ಬಹಳ ಪ್ರಿಯವಾದ ಬಲೆ. ಗದ್ಯಭಾಗದ ಪದಗಳೇ ಕಣ್ಣಿಗೆ ಬೀಳುವುದರಿಂದ ಪರಿಚಿತ ಮುಖ ಕಂಡಂತಾಗಿ ಕೈ ಅಲ್ಲಿಗೇ ಹೋಗುತ್ತದೆ.

ಏಳು ಮಂದಿ ಆರಿಸಿದ್ದು ಅ ಉತ್ತರವನ್ನು. ಅವರ ತಪ್ಪನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಪಂಪಿನ ಹಿಡಿ ಕಿತ್ತು ಕಾಲರಾ ನಿಲ್ಲಿಸಿದ ವೈದ್ಯರ ಕಥೆಯನ್ನು ಎಷ್ಟೋ ಕಡೆ ಹಾಗೆಯೇ ಹೇಳುತ್ತಾರೆ. ನಾನೂ ಬಿ.ಎಸ್‌ಸಿ. ಓದುವಾಗ ಹಾಗೆಯೇ ನಂಬಿದ್ದೆ. ಆದರೆ ಸಾವು ಆಗಲೇ ಇಳಿಯುತ್ತಿತ್ತು ಎಂಬ ತುಣುಕನ್ನು ಗಮನಿಸಿ. ರೋಗಕ್ಕೆ ಹೆದರಿ ಬಹಳ ಜನ ಊರು ಬಿಟ್ಟಿದ್ದರು. ಇಳಿಯುತ್ತಿದ್ದ ಸಂಖ್ಯೆ ಮುಂದೆಯೂ ಇಳಿದರೆ ಅದಕ್ಕೆ ಹಿಡಿ ತೆಗೆದದ್ದೇ ಕಾರಣ ಎನ್ನಲು ಬರುವುದಿಲ್ಲ. ಸ್ವತಃ ಸ್ನೋ ಅವರೇ ಇದನ್ನು ಒಪ್ಪಿ ಬರೆದಿದ್ದಾರೆ. ನೀರು ನಿಲ್ಲಿಸುವ ಮೊದಲೇ ರೋಗ ಬಹಳ ಕಡಿಮೆಯಾಗಿದ್ದರಿಂದ ಆ ಹೊತ್ತಿಗೆ ಬಾವಿಯಲ್ಲಿ ವಿಷ ಇನ್ನೂ ಇತ್ತೇ ಇಲ್ಲವೇ ಎಂದು ನಿರ್ಧರಿಸಲಾಗದು ಎಂಬುದು ಅವರ ಮಾತಿನ ಸಾರಾಂಶ. ತನ್ನ ವಾದಕ್ಕೆ ಅನುಕೂಲವಾಗಿ ಕಾಣುವ ಸಂಗತಿಯನ್ನೂ ಹೀಗೆ ತೂಗಿ ಬದಿಗಿಟ್ಟವರು ಅವರು. ಹುಡುಗಿ ಕೇಳಿದ "ನಿಜ ತಾನೆ?" ಎಂಬ ಪ್ರಶ್ನೆಗೆ ಇದೇ ಉತ್ತರ. ನಾಲ್ಕೂ ಆಯ್ಕೆಗಳು ನಿಜವೆಂದು ಪರೀಕ್ಷೆಯೇ ನಮಗೆ ಕೊಟ್ಟುಬಿಡುತ್ತದೆ. "ನಿಜವಾಗಿದ್ದಲ್ಲಿ" ಎಂಬ ಮಾತಿನ ಅರ್ಥ ಅದೇ. ನಾವು ನೋಡಬೇಕಾದ್ದು, ಆ ನಿಜ ಬಂದ ಮೇಲೆ ತೀರ್ಮಾನವನ್ನು ನಂಬಲು ಮೊದಲಿಗಿಂತ ಹೆಚ್ಚು ಕಾರಣ ಸಿಕ್ಕಿತೇ ಎಂಬುದನ್ನು.

ಇನ್ನು ಈ ಉತ್ತರ. ಬಿಯರ್ ಕಾರ್ಖಾನೆಯ ಕೆಲಸಗಾರರೂ ಅದೇ ಬೀದಿಯಲ್ಲಿ ಅದೇ ಗಾಳಿಯನ್ನೇ ಉಸಿರಾಡುತ್ತಿದ್ದರು. ನೀರು ಮಾತ್ರ ಬೇರೆ. ಕಾರ್ಖಾನೆಗೆ ತನ್ನದೇ ಬಾವಿಯಿತ್ತು. ಕೆಲಸಗಾರರಿಗೆ ಕುಡಿಯಲು ಬಿಯರ್ ಕೊಡುತ್ತಿದ್ದುದರಿಂದ ಅವರು ನೀರನ್ನೇ ಕುಡಿಯುವುದಿಲ್ಲವೆಂದು ಮಾಲೀಕರು ಸ್ನೋ ಅವರಿಗೆ ಹೇಳಿದ್ದರು. (ಇದನ್ನು ಮದ್ಯಪಾನದ ಜಾಹೀರಾತೆಂದು ತಿಳಿಯಬೇಡಿ!) ಗಾಳಿ ಕಾರಣವಾಗಿದ್ದರೆ ಇವರೂ ಸಾಯಬೇಕಿತ್ತು. ಸಾಯಲಿಲ್ಲ. ಎದುರು ವಾದದ ಕಾಲು ಮುರಿಯಿತು, ಸ್ನೋ ವಾದ ಬಲವಾಯಿತು. ಸರಿಯುತ್ತರ ಇದೇ.

ಅದೇ ಬೀದಿಯಲ್ಲಿ ತುಪಾಕಿಯ ಕೇಪುಗಳನ್ನು ತಯಾರಿಸುವ ಇನ್ನೊಂದು ಕಾರ್ಖಾನೆಯಿತ್ತು. ಅಲ್ಲಿ ಸುಮಾರು 200 ಮಂದಿ ಕೆಲಸಗಾರರು. ಅವರಿಗೆ ಕುಡಿಯಲು ಎರಡು ತೊಟ್ಟಿಗಳಲ್ಲಿ ಇದೇ ಪಂಪಿನ ನೀರು ತುಂಬಿಡುತ್ತಿದ್ದರು. ಅವರಲ್ಲಿ 18 ಮಂದಿ ಸತ್ತರು. ಎರಡೂ ಕಾರ್ಖಾನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಪ್ರಯೋಗಾಲಯದ ಎರಡು ಪ್ರನಾಳಗಳಂತೆ ಕಾಣುತ್ತವೆ. ಎಲ್ಲ ಒಂದೇ, ಒಂದು ವಸ್ತು ಮಾತ್ರ ಬೇರೆ.

ಇದಕ್ಕಿಂತಲೂ ಗಟ್ಟಿಯಾದ ಸಂಗತಿ ಇನ್ನೊಂದಿದೆ. ಬ್ರಾಡ್ ಸ್ಟ್ರೀಟಿನಿಂದ ಬಹು ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ವಾಸವಾಗಿದ್ದರು. ಅವರಿಗೆ ಆ ಪಂಪಿನ ನೀರಿನ ರುಚಿಯೇ ಇಷ್ಟವೆಂದು ಬ್ರಾಡ್ ಸ್ಟ್ರೀಟಿನಿಂದ ಹೋಗುವ ಗಾಡಿಯಲ್ಲಿ ದಿನವೂ ಒಂದು ದೊಡ್ಡ ಬಾಟಲಿ ನೀರು ತರಿಸಿಕೊಳ್ಳುತ್ತಿದ್ದರು. ಸೆಪ್ಟೆಂಬರ್ 2ರಂದು ಅವರು ಕಾಲರಾದಿಂದ ತೀರಿಕೊಂಡರು. ಅವರ ಮನೆಗೆ ಬಂದು ಅದೇ ನೀರು ಕುಡಿದ ಸಂಬಂಧಿ ಹೆಣ್ಣುಮಗಳು ಇಸ್ಲಿಂಗ್ಟನ್ನಿನ ತನ್ನ ಮನೆಗೆ ಹಿಂತಿರುಗಿ ಸತ್ತಳು. ಆ ಎರಡು ಕಡೆಗಳಲ್ಲೂ ಆಗ ಕಾಲರಾ ಇರಲಿಲ್ಲ. ಬಿಯರ್ ಕಾರ್ಖಾನೆಯವರಿಗೆ ಗಾಳಿ ಒಂದೇ, ನೀರು ಬೇರೆ, ರೋಗವಿಲ್ಲ. ಈ ತಾಯಿಗೆ ಗಾಳಿ ಬೇರೆ, ನೀರು ಒಂದೇ, ರೋಗವಿದೆ. ಈ ಎರಡು ಸಂಗತಿಗಳ ನಡುವೆ ಸಿಕ್ಕಿಕೊಂಡ ಮೇಲೆ ಕೆಟ್ಟ ಗಾಳಿಯ ವಾದಕ್ಕೆ ಓಡಲು ದಾರಿ ಉಳಿಯುವುದಿಲ್ಲ.

ಕಾರಣ ಮತ್ತು ಪರಿಣಾಮ ಕುರಿತ ವಾದಗಳಿಗೆ ಬಲ ಬರುವ ದಾರಿಗಳು ಹೆಚ್ಚೇನಿಲ್ಲ. ಕಾರಣ ಇಲ್ಲದ ಕಡೆ ಪರಿಣಾಮವೂ ಇಲ್ಲವೆಂದು ತೋರಬಹುದು. ಕಾರಣ ಹೋದ ಕಡೆಯೆಲ್ಲ ಪರಿಣಾಮವೂ ಹಿಂದೆಯೇ ಹೋಯಿತೆಂದು ತೋರಬಹುದು. ಬೇರೆ ಕಾರಣವೊಂದನ್ನು ತಳ್ಳಿಹಾಕಬಹುದು. ಅಥವಾ ನಾವು ಪರಿಣಾಮ ಎಂದುಕೊಂಡದ್ದೇ ಕಾರಣವಾಗಿರಬಹುದೆಂಬ ಅನುಮಾನವನ್ನು ದೂರಮಾಡಬಹುದು. ಸ್ನೋ ಅವರ ಕೆಲಸದಲ್ಲಿ ಇವು ಬಹುಪಾಲು ಸಿಗುತ್ತವೆ. ಆರಂಭದ ಮೂರು ದಿನಗಳ 83 ಸಾವುಗಳನ್ನು ಅವರು ಮನೆಮನೆಗೆ ಹೋಗಿ ವಿಚಾರಿಸಿದರು. ಹತ್ತು ಸಾವುಗಳು ಮಾತ್ರ ಬೇರೊಂದು ಪಂಪಿಗೆ ಹತ್ತಿರದ ಮನೆಗಳಲ್ಲಿ ಆಗಿದ್ದವು. ಅವುಗಳಲ್ಲಿ ಐದು ಮನೆಯವರು ಹತ್ತಿರದ ಪಂಪು ಬಿಟ್ಟು ಬ್ರಾಡ್ ಸ್ಟ್ರೀಟಿನ ನೀರನ್ನೇ ತರಿಸುತ್ತಿದ್ದರು. ಇನ್ನು ಮೂರು ಸಾವುಗಳು ಆ ಪಂಪಿನ ಸಮೀಪದ ಶಾಲೆಗೆ ಹೋಗುತ್ತಿದ್ದ ಮಕ್ಕಳವು. ತನ್ನ ವಾದಕ್ಕೆ ವಿರುದ್ಧವೆಂದು ಕಂಡ ಹತ್ತನ್ನೂ ಅವರು ಬದಿಗಿಡದೆ ವಿಚಾರಿಸಿದ್ದನ್ನು ಗಮನಿಸಿ. ಸ್ನೋ ಅವರನ್ನು ತಪ್ಪೆಂದು ತೋರಿಸಲು ಹೊರಟ ಆ ಬಡಾವಣೆಯ ಪಾದ್ರಿ ಹೆನ್ರಿ ವೈಟ್‌ಹೆಡ್ ಕೂಡ ವಿಚಾರಿಸುತ್ತ ಹೋದಂತೆ ಅವರ ಪಕ್ಷಕ್ಕೇ ಬಂದರು. ಆದರೂ ಅಧಿಕಾರಿಗಳು ಒಪ್ಪಲು ಬಹಳ ವರ್ಷ ಹಿಡಿಯಿತು. ಜರ್ಮನಿಯ ರಾಬರ್ಟ್ ಕಾಖ್ ನಮ್ಮ ಕಲ್ಕತ್ತೆಗೆ ಬಂದು ಕಾಲರಾದ ಸೂಕ್ಷ್ಮಾಣುವನ್ನು ಬೇರ್ಪಡಿಸಿ ತೋರಿಸಿದ್ದು 1884ರಲ್ಲಿ, ಸ್ನೋ ತೀರಿಕೊಂಡು ಇಪ್ಪತ್ತಾರು ವರ್ಷಗಳಾದ ಮೇಲೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ವಿದ್ಯಾರ್ಥಿಗಳಿಗಾಗಿ ಒಂದು ನೇರ ಫೋನ್ ಕಾರ್ಯಕ್ರಮ ನಡೆಸುತ್ತಿದ್ದೆ. ಮಧ್ಯಾಹ್ನದಲ್ಲಿದ್ದ ಅದನ್ನು ಪ್ರಯೋಗಕ್ಕೆಂದು ಒಂದು ತಿಂಗಳು ಸಂಜೆಗೆ ತಂದೆವು. ಕರೆಗಳು ಎರಡರಷ್ಟಾದವು. ಸಂಜೆಯ ಸಮಯವೇ ಇದಕ್ಕೆ ಕಾರಣ, ಅದನ್ನೇ ಖಾಯಂ ಮಾಡಬೇಕು ಎಂದು ನಾನು ಟಿಪ್ಪಣಿ ಬರೆದೆ. ಮೇಲಿನವರು ಒಪ್ಪಿದರು. ಆ ಸಮಯದಲ್ಲಿ ಬರುತ್ತಿದ್ದ, ಕಿವಿ ಕೇಳದವರಿಗಾಗಿ ಸಂಜ್ಞಾ ಭಾಷೆಯಲ್ಲಿ ಮಾಡುತ್ತಿದ್ದ ಚಿಕ್ಕ ಕಾರ್ಯಕ್ರಮ ಬೆಳಗಿನ ಯಾರೂ ನೋಡದ ಹೊತ್ತಿಗೆ ಹೋಯಿತು. ಕೆಲವು ವಾರಗಳಾದ ಮೇಲೆ ನಮ್ಮ ಸಹಾಯಕಿ, "ಸರ್, ಆ ತಿಂಗಳು ಪಿಯುಸಿ ಫಲಿತಾಂಶ ಬಂದಿತ್ತಲ್ಲವೇ? ಮುಂದೇನು ಓದಬೇಕು ಎಂದು ಕೇಳುವವರೇ ಹೆಚ್ಚಿದ್ದರು" ಎಂದರು. ಹಿಂದಿನ ವರ್ಷದ ಕರೆ ಪುಸ್ತಕ ತೆಗೆದು ನೋಡಿದೆ. ಮಧ್ಯಾಹ್ನದ ಸಮಯವೇ ಇದ್ದ ಆ ವರ್ಷವೂ ಫಲಿತಾಂಶದ ತಿಂಗಳಲ್ಲಿ ಕರೆಗಳು ಹೆಚ್ಚುಕಡಿಮೆ ಅಷ್ಟೇ ಏರಿದ್ದವು. ಆ ಪುಸ್ತಕ ನನ್ನ ಮೇಜಿನ ಕಪಾಟಿನಲ್ಲೇ ಇತ್ತು. ಟಿಪ್ಪಣಿ ಬರೆಯುವ ಮುನ್ನ ತೆರೆದಿರಲಿಲ್ಲ, ಅಷ್ಟೆ. ಬೆಳಗಿಗೆ ಹೋದ ಕಾರ್ಯಕ್ರಮ ಹಿಂದಿನ ಸಮಯಕ್ಕೆ ಮತ್ತೆ ಬರಲಿಲ್ಲ.

ಇದನ್ನೇ ಪರೀಕ್ಷೆಯ ಪ್ರಶ್ನೆಯಾಗಿ ಮಾಡಿ ನೋಡಿ. ನನ್ನ ವಾದಕ್ಕೆ ಬಲ ಕೊಡಬಹುದಾಗಿದ್ದ ಸಂಗತಿ ಯಾವುದು? "ಹಿಂದಿನ ವರ್ಷ ಫಲಿತಾಂಶದ ತಿಂಗಳಲ್ಲಿ ಕರೆಗಳು ಏರಿರಲಿಲ್ಲ" ಎಂಬುದು. "ವೀಕ್ಷಕರು ಸಂಜೆಯ ಹೊತ್ತು ಮನೆಯಲ್ಲಿರುತ್ತಾರೆ" ಎಂಬುದು ಸ್ವಲ್ಪ ನೆರವಾಗುತ್ತದೆ, ಆದರೆ ಅಷ್ಟಾಗಿ ಅಲ್ಲ. ಪ್ರಶ್ನೆ ಕೇಳುವುದು "ಅತಿ ಹೆಚ್ಚು" ಬಲ ಕೊಡುವುದನ್ನು. ಹಾಗಾಗಿ ಕೊಂಚ ನೆರವಾಗುವ ಉತ್ತರವೊಂದು ಪಕ್ಕದಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ನಾಲ್ಕನ್ನೂ ಓದದೆ ಗುರುತು ಹಾಕಬೇಡಿ. ಒಂದು ಪ್ರಶ್ನೆಗೆ ಸರಾಸರಿ ಒಂದು ನಿಮಿಷ ಸಿಗುವ ಪರೀಕ್ಷೆಯಲ್ಲಿ ಇದು ಕಷ್ಟವೇ ಸರಿ. ಆದರೂ ಆಯ್ಕೆಗಳನ್ನು ಓದುವ ಮೊದಲು "ಈ ವಾದವನ್ನು ನಾನು ಬೀಳಿಸಬೇಕಾದರೆ ಏನು ಹೇಳುತ್ತೇನೆ?" ಎಂದು ಐದು ಸೆಕೆಂಡು ಯೋಚಿಸಿದರೆ ಮುಂದಿನ ಮೂವತ್ತು ಸೆಕೆಂಡು ಉಳಿಯುತ್ತದೆ. ಬೀಳಿಸುವ ಮಾತು ಹೊಳೆದರೆ, ಅದಕ್ಕೆ ಅಡ್ಡ ನಿಲ್ಲುವ ಆಯ್ಕೆಯೇ ನಿಮ್ಮ ಉತ್ತರ.

ಎಲ್ಲ ವಾದಗಳೂ ಕಾರಣದ ವಾದಗಳಲ್ಲ. ನೂರು ಜನರನ್ನು ಕೇಳಿ ಇಡೀ ಊರಿನ ಬಗ್ಗೆ ತೀರ್ಮಾನ ಹೇಳಿದ್ದರೆ, ಆ ನೂರು ಜನ ಊರನ್ನು ಸರಿಯಾಗಿ ಪ್ರತಿನಿಧಿಸುತ್ತಾರೆ ಎಂಬ ಸಂಗತಿ ಬಲ ಕೊಡುತ್ತದೆ. ಒಂದು ಯೋಜನೆ ಗುರಿ ಮುಟ್ಟುತ್ತದೆ ಎಂದಿದ್ದರೆ, ಅದನ್ನು ಜಾರಿಗೆ ತರಲು ಬೇಕಾದ ಜನ ಅಥವಾ ಹಣ ಇದೆ ಎಂಬ ಸಂಗತಿ. ಸಂದು ಹುಡುಕುವ ಕೆಲಸ ಎಲ್ಲ ಕಡೆಯೂ ಅದೇ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು, ಏಕೆಂದರೆ ಕ್ಲ್ಯಾಟ್ ಪತ್ರಿಕೆ ಇಂಗ್ಲಿಷಿನಲ್ಲೇ ಇರುತ್ತದೆ. ನಾವು ಸಾಮಾನ್ಯವಾಗಿ ಕಾರಣ ಮೊದಲು ಹೇಳಿ "ಆದ್ದರಿಂದ" ಎಂದು ತೀರ್ಮಾನಕ್ಕೆ ಬರುತ್ತೇವೆ. ಇಂಗ್ಲಿಷ್ ಲೇಖಕರು ಎಷ್ಟೋ ಸಲ ತೀರ್ಮಾನವನ್ನು ಮೊದಲ ವಾಕ್ಯದಲ್ಲೇ ಇಟ್ಟು, "ಸಿನ್ಸ್", "ಬಿಕಾಸ್", "ಆಫ್ಟರ್ ಆಲ್" ಎಂದು ಆಧಾರವನ್ನು ಆಮೇಲೆ ಜೋಡಿಸುತ್ತಾರೆ. ಕೊನೆಯ ವಾಕ್ಯವೇ ತೀರ್ಮಾನವೆಂದು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. "ದೇರ್‌ಫೋರ್", "ಹೆನ್ಸ್", "ದಸ್" ಎಂಬ ಪದಗಳು ಎಲ್ಲಿದ್ದರೂ ಅವುಗಳ ಮುಂದೆ ತೀರ್ಮಾನವಿದೆ. ಯಾವ ಪದವೂ ಇಲ್ಲದಿದ್ದರೆ ಎರಡು ವಾಕ್ಯಗಳ ನಡುವೆ ಮನಸ್ಸಿನಲ್ಲೇ "ಆದ್ದರಿಂದ" ಎಂದು ಕನ್ನಡದಲ್ಲಿ ಹಾಕಿ ಓದಿ. ಯಾವ ಕ್ರಮದಲ್ಲಿ ಅರ್ಥ ಕೂಡುತ್ತದೆಂದು ಕಿವಿಗೇ ತಿಳಿಯುತ್ತದೆ.

ಇದನ್ನು ಹೋಲುವ ಇನ್ನೊಂದು ಪ್ರಶ್ನೆಯನ್ನು ಇದರೊಂದಿಗೆ ಬೆರೆಸಬೇಡಿ. "ಮೇಲಿನ ಗದ್ಯಭಾಗದಿಂದ ಯಾವ ತೀರ್ಮಾನಕ್ಕೆ ಬರಬಹುದು?" ಎಂಬ ಪ್ರಶ್ನೆಯಲ್ಲಿ ಗದ್ಯಭಾಗ ಆಯ್ಕೆಗೆ ಬಲ ಕೊಡಬೇಕು. ನಾವು ನೋಡುತ್ತಿರುವುದರಲ್ಲಿ ಆಯ್ಕೆ ಗದ್ಯಭಾಗಕ್ಕೆ ಬಲ ಕೊಡಬೇಕು. ಇದರಿಂದ ಒಂದು ಉಪಯುಕ್ತ ವ್ಯತ್ಯಾಸ ಹುಟ್ಟುತ್ತದೆ. ಅಲ್ಲಿ "ಎಲ್ಲ", "ಯಾವಾಗಲೂ", "ಒಬ್ಬರೂ ಇಲ್ಲ" ಎಂಬ ಬಿರುಸಾದ ಪದಗಳನ್ನು ಕಂಡರೆ ಅನುಮಾನ ಪಡಬೇಕು. ಇಲ್ಲಿ ಆಯ್ಕೆ ನಿಜವೆಂದು ಮೊದಲೇ ಒಪ್ಪಿರುವುದರಿಂದ ಬಿರುಸು ಹೆಚ್ಚಿದಷ್ಟೂ ಒಳ್ಳೆಯದು. "ಕಾರ್ಖಾನೆಯಲ್ಲಿ ಒಬ್ಬರೂ ಸಾಯಲಿಲ್ಲ" ಎಂಬುದು "ಕೆಲವರು ಬದುಕುಳಿದರು" ಎಂಬುದಕ್ಕಿಂತ ಎಷ್ಟೋ ಪಟ್ಟು ಉತ್ತಮ. ತರಬೇತಿ ಪುಸ್ತಕದಲ್ಲಿ "ಬಿರುಸು ಪದ ಬಂದರೆ ತಪ್ಪು" ಎಂದು ಓದಿ ಎಲ್ಲ ಕಡೆ ಅದನ್ನೇ ಬಳಸಿದ ವಿದ್ಯಾರ್ಥಿಗಳನ್ನು ಸ್ಟುಡಿಯೋದಲ್ಲಿ ನೋಡಿದೆ. ಅವರು ಈ ಉತ್ತರವನ್ನು ಬಿಟ್ಟದ್ದು ಅದಕ್ಕೇ.

ಕೊನೆಗೆ ನಿಮ್ಮ ಅಭ್ಯಾಸಕ್ಕೆ ಒಂದು ಪ್ರಶ್ನೆ. ಊರು ಕಾಲ್ಪನಿಕ.

"ಒಂದು ಊರಿನ ಕೆರೆಯ ಹೂಳನ್ನು ಬೇಸಿಗೆಯಲ್ಲಿ ತೆಗೆದರು. ಮರುವರ್ಷ ಊರಿನ ಕೊಳವೆ ಬಾವಿಗಳಲ್ಲಿ ನೀರಿನ ಮಟ್ಟ ಏರಿತು. ಆದ್ದರಿಂದ ಹೂಳು ತೆಗೆದದ್ದರಿಂದಲೇ ನೀರು ಏರಿದೆ." ಇದಕ್ಕೆ ಅತಿ ಹೆಚ್ಚು ಬಲ ಕೊಡುವುದು ಯಾವುದು?

ಅ) ಹೂಳು ತೆಗೆದರೆ ನೀರು ಏರುತ್ತದೆಂದು ಊರಿನ ಹಿರಿಯರೆಲ್ಲ ನಂಬಿದ್ದಾರೆ.

ಆ) ಆ ವರ್ಷ ಹೂಳು ತೆಗೆಯದ ಪಕ್ಕದ ಊರಿನ ಕೊಳವೆ ಬಾವಿಗಳಲ್ಲೂ ನೀರು ಅಷ್ಟೇ ಏರಿತು.

ಇ) ಆ ವರ್ಷದ ಮಳೆ ಹಿಂದಿನ ವರ್ಷಕ್ಕಿಂತ ಕಡಿಮೆಯಿತ್ತು. ಹೊಸ ಬಾವಿ ಕೊರೆಯುವುದಾಗಲಿ, ನೀರಿನ ಬಳಕೆಯಾಗಲಿ ಬದಲಾಗಿರಲಿಲ್ಲ.

ಈ) ಕೆರೆಯಿಂದ ತೆಗೆದ ಹೂಳನ್ನು ರೈತರು ತಮ್ಮ ಹೊಲಗಳಿಗೆ ಹಾಕಿದ್ದರಿಂದ ಇಳುವರಿ ಹೆಚ್ಚಿತು.

ಇ ಎಂದು ಗುರುತು ಹಾಕಿದ್ದರೆ ಸರಿ. ಹೆಚ್ಚು ಮಳೆಯೇ ಕಾರಣ ಎನ್ನುವವರ ಬಾಯಿ ಅದರಿಂದ ಮುಚ್ಚುತ್ತದೆ. ಆ ಎಂದು ಹಾಕಿದವರು ಗಾಬರಿಯಾಗಬೇಕಿಲ್ಲ, ಆದರೆ ಮತ್ತೊಮ್ಮೆ ಓದಿ. ಅದು ಸಂದಿಗೇ ತಾಗಿದೆ, ಆದರೆ ವಾದವನ್ನು ಬಲಪಡಿಸುವ ಬದಲು ಬೀಳಿಸುತ್ತದೆ. ಸಂದು ಸರಿಯಾಗಿ ಕಂಡವರೇ ಗಡಿಯಾರ ನೋಡುತ್ತ, ಪ್ರಶ್ನೆ ಬಲ ಕೇಳಿತ್ತೋ ದುರ್ಬಲ ಕೇಳಿತ್ತೋ ಮರೆತು, ಈ ಉತ್ತರಕ್ಕೆ ಗುರುತು ಹಾಕಿಬಿಡುತ್ತಾರೆ. ಪ್ರಶ್ನೆಯಲ್ಲಿನ "ಬಲ" ಎಂಬ ಪದದ ಕೆಳಗೆ ಒಂದು ಗೆರೆ ಎಳೆದು ಮುಂದುವರಿಯಿರಿ.